ಅಪ್ಪನ ಪಿಎಫ್ ಬಂತು, ನಾನು ತೆರಿಗೆ ಕಟ್ಟಬೇಕಾ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಅಪ್ಪನೋ ಅಮ್ಮನೋ ತೀರಿಕೊಂಡಿದ್ದಾರೆ. ಅವರು ವಯಸ್ಸಾದ ಕಾಲಕ್ಕೆ ಅಂತ ಕೂಡಿಟ್ಟ ದುಡ್ಡು ಮಕ್ಕಳ ಖಾತೆಗೆ ಬಂದಿದೆ. ಈಗ ಇದಕ್ಕೆ ತೆರಿಗೆ ಎಷ್ಟು ಅಂತ ಎಲ್ಲರಿಗೂ ಚಿಂತೆ. ಹಾಗಾಗಿ ಜಿಎಸ್‌ಟಿ, ಸೈಟ್ ಮಾರಾಟದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇದನ್ನೇ ಎತ್ತಿಕೊಂಡಿದ್ದೇನೆ.

ನಮ್ಮ ದೇಶದಲ್ಲೂ ಒಂದು ಕಾಲಕ್ಕೆ ಸತ್ತವರ ಆಸ್ತಿ ಮೇಲೆ ತೆರಿಗೆ ಇತ್ತು. ಎಸ್ಟೇಟ್ ಡ್ಯೂಟಿ ಅಂತ 1953ರಲ್ಲಿ ಬಂದು 1985ರಲ್ಲಿ ಹೋಯಿತು. ಈಗ ವಾರಸುದಾರಿಕೆಯಿಂದ ಬಂದದ್ದು ನಿಮ್ಮ ಆದಾಯವೇ ಅಲ್ಲ. ಆದರೆ ಆ ದುಡ್ಡು ಹುಟ್ಟಿಸುವ ಬಡ್ಡಿ ಮಾತ್ರ ಆದಾಯ. ಇಂಥ ಫೈಲ್ ಬಂದಾಗ ನಾನು ಮೊದಲು ನೋಡೋದು ಮರಣ ಪತ್ರದ ತಾರೀಕು, ಪಾಸ್‌ಬುಕ್ ಆಮೇಲೆ. ಆ ದಿನದವರೆಗಿನದು ಅಪ್ಪನ ಪ್ಯಾನ್ ಲೆಕ್ಕ, ಮಾರನೇ ದಿನದಿಂದ ನಿಮ್ಮ ಲೆಕ್ಕ.

ಸೆಕ್ಷನ್ ನಂಬರ್ ಹಾಕಿ ಬರೆಯಿರಿ ಅಂತ ಕೆಲವರು ಕೇಳುತ್ತಾರೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ನಂಬರ್‌ಗಳೆಲ್ಲ ಬದಲಾಗಿವೆ. ಹಳೆಯದು ಹೇಳಿದರೆ ಗೊಂದಲ, ಹೊಸದು ಹೇಳಿದರೆ ನಿಮ್ಮ ಆಡಿಟರಿಗೂ ಗೊಂದಲ. ಬೇಡ ಬಿಡಿ.

ಪ್ರಶ್ನೆ: ಮೇಡಂ, ಅಪ್ಪ ಒಂದು ಖಾಸಗಿ ಕಂಪನಿಯಲ್ಲಿ 22 ವರ್ಷ ಕೆಲಸ ಮಾಡಿದರು. ಕೆಲಸದಲ್ಲಿ ಇರುವಾಗಲೇ, 56ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡರು. ಪಿಎಫ್‌ನಲ್ಲಿ 14 ಲಕ್ಷ ಇದೆ, ಅಮ್ಮ ಮತ್ತು ನಾನು ಅರ್ಧರ್ಧ ನಾಮಿನಿ. ನನ್ನ ಸಂಬಳಕ್ಕೆ 30% ತೆರಿಗೆ ಬೀಳುತ್ತದೆ. ಇದನ್ನೂ ಸೇರಿಸಿ ಕಟ್ಟಬೇಕು ಅಂತ ಗೆಳೆಯ ಹೆದರಿಸಿದ್ದಾನೆ. — ದಾವಣಗೆರೆ

ಉತ್ತರ: ನಿಮ್ಮ ಗೆಳೆಯನಿಗೆ ಒಂದು ಟೀ ಕುಡಿಸಿ ಕಳಿಸಿ. ಈ 14 ಲಕ್ಷಕ್ಕೆ ನೀವೂ ಕಟ್ಟಬೇಕಿಲ್ಲ, ಅಮ್ಮನೂ ಕಟ್ಟಬೇಕಿಲ್ಲ. ಐದು ವರ್ಷ ತುಂಬುವ ಮೊದಲು ಪಿಎಫ್ ತೆಗೆದರೆ ತೆರಿಗೆ ಇದೆಯಲ್ಲ, ಅವನು ಅದನ್ನೇ ಅರ್ಧ ಕೇಳಿಸಿಕೊಂಡಿರಬೇಕು. ಅಪ್ಪನದು 22 ವರ್ಷದ ಸರ್ವಿಸ್. ಐದು ವರ್ಷ ಆಗಿರದಿದ್ದರೂ, ನೌಕರನ ಕೈಮೀರಿದ ಕಾರಣಕ್ಕೆ ಕೆಲಸ ನಿಂತರೆ ಆ ನಿಯಮ ಅಡ್ಡ ಬರೋದಿಲ್ಲ. ಸಾವಿಗಿಂತ ಕೈಮೀರಿದ್ದು ಇನ್ನೇನಿದೆ?

ತೆರಿಗೆ ಇಲ್ಲದಿದ್ದರೂ ನಿಮ್ಮ ರಿಟರ್ನ್‌ನಲ್ಲಿ ವಿನಾಯಿತಿ ಆದಾಯದ ಪುಟದಲ್ಲಿ ಒಂದು ಸಾಲು ತೋರಿಸಿ. ಖಾತೆಗೆ ಒಮ್ಮೆಲೇ ಏಳು ಲಕ್ಷ ಬಂದದ್ದು ಇಲಾಖೆಗೆ ಕಾಣಬಹುದು. ನಾಳೆ ಕೇಳಿದರೆ ಉತ್ತರ ಮೊದಲೇ ಬರೆದಿಟ್ಟ ಹಾಗಾಯಿತು.

ನೀವು ಕೇಳದೇ ಇರುವ ಮೂರು ವಿಷಯ ಹೇಳುತ್ತೇನೆ, ಅಲ್ಲೂ ದುಡ್ಡಿದೆ. ಪಿಎಫ್ ಜೊತೆಗೇ ಇಡಿಎಲ್‌ಐ ಅಂತ ಒಂದು ವಿಮೆ ಇರುತ್ತದೆ. ಕೆಲಸದಲ್ಲಿದ್ದಾಗ ತೀರಿಕೊಂಡರೆ ಮನೆಯವರಿಗೆ ಗರಿಷ್ಠ 7 ಲಕ್ಷದವರೆಗೆ ಸಿಗುತ್ತದೆ. ಅದಕ್ಕೂ ತೆರಿಗೆ ಇಲ್ಲ. ಎಷ್ಟೋ ಮನೆಯವರು ಪಿಎಫ್ ತೆಗೆದುಕೊಂಡು ಇದನ್ನು ಅಲ್ಲೇ ಬಿಟ್ಟಿರುತ್ತಾರೆ. ಮರಣದ ಕ್ಲೇಮಿಗೆ ಪಿಎಫ್, ಪಿಂಚಣಿ, ವಿಮೆ ಮೂರಕ್ಕೂ ಸೇರಿ ಒಂದೇ ಫಾರಂ ಇದೆ, ಮೂರಕ್ಕೂ ಗುರುತು ಹಾಕಿದ್ದೀರಾ ನೋಡಿ.

ಎರಡನೆಯದು ಗ್ರಾಚ್ಯುಟಿ. ಕೊನೆಯ ಮೂಲವೇತನ ಮತ್ತು ಡಿಎ ಸೇರಿ 26,000 ಇತ್ತು ಅಂದುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 15,000. ಅದು ಒಂದು ವರ್ಷದ ಸರ್ವಿಸ್‌ಗೆ. 22 ವರ್ಷಕ್ಕೆ 3,30,000 ಆಯಿತು. ತೀರಿಕೊಂಡವರ ವಿಷಯದಲ್ಲಿ ಗ್ರಾಚ್ಯುಟಿಗೆ ಐದು ವರ್ಷದ ಷರತ್ತೂ ಇಲ್ಲ. 20 ಲಕ್ಷದವರೆಗೆ ತೆರಿಗೆ ಇಲ್ಲ. ಅಪ್ಪನ ಬಾಕಿ ರಜೆಯ ದುಡ್ಡು ನಿಮಗೆ ಬಂದರೆ ಅದಕ್ಕೂ ಇಲ್ಲ.

ಮೂರನೆಯದು ಅಮ್ಮನ ಪಿಂಚಣಿ. ಇದಕ್ಕೆ ಮಾತ್ರ ತೆರಿಗೆ ಇದೆ, ಅದೂ ಅಮ್ಮನ ಹೆಸರಲ್ಲಿ. ತಿಂಗಳಿಗೆ 3,400 ಬಂದರೆ ವರ್ಷಕ್ಕೆ 40,800. ಅದರಲ್ಲಿ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು. ಇಲ್ಲಿ 13,600 ಕಳೆದು 27,200 ಲೆಕ್ಕಕ್ಕೆ ಬರುತ್ತದೆ. ಈ 25,000 ಹೊಸ ತೆರಿಗೆ ಪದ್ಧತಿಯದು, ಹಳೆ ಪದ್ಧತಿಯಲ್ಲಿ ಮಿತಿ 15,000. ಅಮ್ಮನಿಗೆ ಬೇರೆ ಆದಾಯ ಇಲ್ಲದಿದ್ದರೆ ತೆರಿಗೆಯ ಮಾತೇ ಇಲ್ಲ.

ಇನ್ನು ನಿಮ್ಮ ಪಾಲಿನ ಏಳು ಲಕ್ಷ. ಅದನ್ನು ನಿಮ್ಮ ಹೆಸರಲ್ಲಿ ಎಫ್‌ಡಿ ಇಟ್ಟರೆ ಬಡ್ಡಿಗೆ 30% ಹೋಗುತ್ತದೆ. ಹೇಗೂ ಅಮ್ಮನ ಖರ್ಚಿಗೇ ಅದು ಅನ್ನುವುದಾದರೆ ಅಮ್ಮನಿಗೆ ಕೊಟ್ಟುಬಿಡಿ. ಮಗ ತಾಯಿಗೆ ಕೊಟ್ಟ ದುಡ್ಡಿಗೆ ತೆರಿಗೆ ಇಲ್ಲ, ಅದರ ಬಡ್ಡಿಯನ್ನು ತಿರುಗಿ ನಿಮ್ಮ ತಲೆಗೆ ಕಟ್ಟುವುದೂ ಇಲ್ಲ. ಹೆಂಡತಿಗೆ ಕೊಟ್ಟರೆ ಕಟ್ಟುತ್ತಾರೆ. ಬ್ಯಾಂಕ್ ಮೂಲಕವೇ ಕೊಡಿ, ಒಂದು ಬಿಳಿ ಹಾಳೆಯಲ್ಲಿ ಬರೆದಿಡಿ. ಆಮೇಲೆ ಅದು ಅಮ್ಮನ ದುಡ್ಡು, ನೆನಪಿರಲಿ. ಬೈಕ್ ತಗೊಳ್ಳೋಕೆ ವಾಪಸ್ ಕೇಳಬೇಡಿ.

ಪ್ರಶ್ನೆ: ಅಪ್ಪ ಮಾರ್ಚ್ 31ಕ್ಕೆ ತೀರಿಕೊಂಡರು. ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಯಲ್ಲಿ 15 ಲಕ್ಷ ಇಟ್ಟಿದ್ದರು. ಅಮ್ಮ ಇಲ್ಲ, ನಾನೊಬ್ಬನೇ ಮಗ, ನಾನೇ ನಾಮಿನಿ. ಮಳೆಗಾಲ, ಅಡಿಕೆಗೆ ಔಷಧಿ ಹೊಡೆಸುವ ಗಡಿಬಿಡಿ, ಅಕ್ಟೋಬರ್‌ವರೆಗೆ ಹೋಗಲಾಗಲಿಲ್ಲ. ಈಗ ಹೋದರೆ ಅಸಲಿನಲ್ಲೇ 31,500 ಹಿಡಿದುಕೊಂಡಿದ್ದಾರೆ. ಇದು ತೆರಿಗೆಯಾ? — ಶಿರಸಿ ಹತ್ತಿರದ ಹಳ್ಳಿಯಿಂದ

ಉತ್ತರ: ತೆರಿಗೆ ಅಲ್ಲ, ಮೋಸವೂ ಅಲ್ಲ. ಈ ಯೋಜನೆಯ 8.2% ಬಡ್ಡಿ ಖಾತೆದಾರರು ಬದುಕಿರುವವರೆಗೆ ಮಾತ್ರ. ತೀರಿಕೊಂಡ ದಿನದಿಂದ ಖಾತೆ ಮುಚ್ಚುವವರೆಗೆ ಅಂಚೆ ಉಳಿತಾಯ ಖಾತೆಯ 4% ಕೊಡುತ್ತಾರೆ. 15 ಲಕ್ಷಕ್ಕೆ 8.2% ಅಂದರೆ ಮೂರು ತಿಂಗಳಿಗೆ 30,750. ಸುದ್ದಿ ಗೊತ್ತಿಲ್ಲದೆ ಜುಲೈಯಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಅಷ್ಟೇ ಹಾಕಿದ್ದಾರೆ. ಒಟ್ಟು 61,500. ನ್ಯಾಯವಾಗಿ ಆರು ತಿಂಗಳಿಗೆ 4%ರಂತೆ ಬರಬೇಕಾದ್ದು 30,000. ಹೆಚ್ಚಿಗೆ ಹೋದ 31,500 ಹಿಡಿದಿದ್ದಾರೆ, ಲೆಕ್ಕ ಪಕ್ಕಾ ಇದೆ.

ಹೆಂಡತಿಯೋ ಗಂಡನೋ ಜಂಟಿ ಖಾತೆದಾರರಾಗಿದ್ದರೆ, ಇಲ್ಲವೇ ಒಬ್ಬರೇ ನಾಮಿನಿಯಾಗಿದ್ದರೆ ಖಾತೆಯನ್ನು ಹಾಗೇ ಮುಂದುವರಿಸಬಹುದು. ಮಕ್ಕಳಿಗೆ ಆ ಅವಕಾಶ ಇಲ್ಲ. ಅದಕ್ಕೇ ಹೇಳೋದು, ವೈಕುಂಠ ಸಮಾರಾಧನೆ ಮುಗಿದ ವಾರದಲ್ಲೇ ಮರಣ ಪತ್ರದ ಪ್ರತಿ ಹಿಡಿದು ಅಂಚೆ ಕಚೇರಿಗೆ ಹೋಗಿ ಅಂತ.

ತೆರಿಗೆಗೆ ಬರೋಣ. 15 ಲಕ್ಷ ಅಸಲಿಗೆ ಇಲ್ಲ. ಐದು ವರ್ಷ ತುಂಬುವ ಮೊದಲೇ ಖಾತೆ ಮುಚ್ಚಿತು, ಅಪ್ಪ ಅದಕ್ಕೆ ಹಿಂದೆ ತೆರಿಗೆ ರಿಯಾಯಿತಿ ಪಡೆದಿದ್ದರು ಅಂದರೂ ಅದನ್ನು ನಿಮ್ಮಿಂದ ವಾಪಸ್ ಕೇಳೋದಿಲ್ಲ. ಮಾರ್ಚ್ 31ರವರೆಗಿನ ಬಡ್ಡಿ ಅಪ್ಪನ ಆದಾಯ. ಆಮೇಲಿನ 30,000 ನಿಮ್ಮದು. ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲ ಅಂತ ನಿಮಗೆ ಗೊತ್ತು, ಆದರೆ ಈ ಬಡ್ಡಿಯನ್ನು ಅಡಿಕೆ ಜೊತೆ ಸೇರಿಸಿ ಮರೆತುಬಿಡಬೇಡಿ, ಇದು ಬೇರೆ ಬಾಬ್ತು. ಬೇರೆ ಆದಾಯ ಹೆಚ್ಚಿಲ್ಲದಿದ್ದರೆ ಇದಕ್ಕೂ ತೆರಿಗೆ ಬೀಳೋದಿಲ್ಲ.

ಅಪ್ಪನ ಕೊನೆಯ ವರ್ಷದ ರಿಟರ್ನ್ ಹಾಕಿದ್ದೀರಾ? ಅವರ ಆದಾಯ ಮಿತಿ ದಾಟಿದ್ದರೆ, ಅಥವಾ ಬಡ್ಡಿ ಕೊಡುವಾಗಲೇ ಟಿಡಿಎಸ್ ಅಂತ ಹಿಡಿದ ತೆರಿಗೆ ವಾಪಸ್ ಬರಬೇಕಿದ್ದರೆ, ನೀವು ಹಾಕಬೇಕು. ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಲಾಗಿನ್‌ನಿಂದಲೇ ವಾರಸುದಾರ ಅಂತ ನೋಂದಾಯಿಸಿಕೊಳ್ಳಬಹುದು. ಮರಣ ಪತ್ರ, ಇಬ್ಬರ ಪ್ಯಾನ್, ನೀವು ವಾರಸುದಾರ ಎಂಬುದಕ್ಕೆ ಒಂದು ದಾಖಲೆ ಬೇಕು. ಆ ದಾಖಲೆಗೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡಿ. ಪೌತಿ ಖಾತೆಗೂ ಅದು ಬೇಕೇ ಬೇಕು, ಹೇಗೂ ಮಾಡಿಸುತ್ತೀರಿ. ಜುಲೈ ಗಡುವು ತಪ್ಪಿದ್ದರೂ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಅಮೆರಿಕದ ಡಲ್ಲಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಬೆಂಗಳೂರಿನಲ್ಲಿದ್ದ ಅಪ್ಪ ಹೋದ ವರ್ಷ ಹೋಗಿಬಿಟ್ಟರು. ಅವರ ಪಿಪಿಎಫ್‌ನಲ್ಲಿ 18 ಲಕ್ಷ ಇದೆ, ನಾನು ಒಬ್ಬಳೇ ಮಗಳು. ಇಲ್ಲಿನ ಗೆಳತಿಗೆ ಅವಳ ಅಪ್ಪನ ಐಆರ್‌ಎ ಅನ್ನುವ ನಿವೃತ್ತಿ ಉಳಿತಾಯ ಖಾತೆ ಬಂದಿದೆ. ಹತ್ತು ವರ್ಷದಲ್ಲಿ ಖಾಲಿ ಮಾಡಬೇಕಂತೆ, ತೆಗೆದಷ್ಟಕ್ಕೂ ತೆರಿಗೆಯಂತೆ. ನನಗೂ ಹಾಗೇನಾ? — ಡಲ್ಲಾಸ್

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಅವರ ಖಾತೆಗೆ ಸರಿ, ನಿಮ್ಮದಕ್ಕೆ ಅನ್ವಯಿಸೋದಿಲ್ಲ. ಅಮೆರಿಕದ ಸಾಮಾನ್ಯ ಐಆರ್‌ಎಗೆ ಹಾಕುವಾಗ ತೆರಿಗೆ ಇಲ್ಲ, ತೆಗೆಯುವಾಗ ಇದೆ. ಅಪ್ಪ ತೆಗೆಯದೇ ಹೋದರೆ ಆ ಬಾಕಿ ತೆರಿಗೆ ಮಗಳ ಹೆಗಲಿಗೆ ಬರುತ್ತದೆ. ಮೊದಲು ಮಕ್ಕಳು ಅದನ್ನು ಜೀವನಪೂರ್ತಿ ಸ್ವಲ್ಪ ಸ್ವಲ್ಪವೇ ತೆಗೆಯಬಹುದಿತ್ತು. 2019ರ ಕೊನೆಗೆ ಬಂದ ಸೆಕ್ಯೂರ್ ಕಾಯ್ದೆ ಅದನ್ನು ಮೊಟಕು ಮಾಡಿತು. 2020ರಿಂದೀಚೆಗೆ ತೀರಿಕೊಂಡವರ ಖಾತೆಯನ್ನು, ದೊಡ್ಡ ಮಕ್ಕಳಾದರೆ, ಸಾವಿನ ಮುಂದಿನ ವರ್ಷದಿಂದ ಎಣಿಸಿ ಹತ್ತನೇ ವರ್ಷದ ಡಿಸೆಂಬರ್ ಮುಗಿಯುವುದರೊಳಗೆ ಖಾಲಿ ಮಾಡಬೇಕು. ಅಪ್ಪನಿಗೆ ಕಡ್ಡಾಯವಾಗಿ ತೆಗೆಯುವ ವಯಸ್ಸು, ಈಗಿನ ಲೆಕ್ಕದಲ್ಲಿ 73, ದಾಟಿದ್ದರೆ ಈ ಹತ್ತು ವರ್ಷದಲ್ಲೂ ಪ್ರತಿ ವರ್ಷ ಇಂತಿಷ್ಟು ತೆಗೆಯಲೇಬೇಕು. ಗೆಳತಿ ದುಡಿಯುತ್ತಿದ್ದರೆ ಅವಳ ಸಂಬಳದ ಮೇಲೆ ಇದು ಕೂತು ಮೇಲಿನ ದರಕ್ಕೆ ಹೋಗುತ್ತದೆ. ಎಲ್ಲವನ್ನೂ ಹತ್ತನೇ ವರ್ಷಕ್ಕೆ ಇಟ್ಟುಕೊಳ್ಳಬೇಡ ಅಂತ ಅವಳಿಗೆ ಹೇಳಿ.

ನಮ್ಮ ಪಿಪಿಎಫ್, ಅಂದರೆ ಸಾರ್ವಜನಿಕ ಭವಿಷ್ಯ ನಿಧಿ, ಹಾಗಲ್ಲ. ತೆಗೆಯುವಾಗ ಇಲ್ಲಿ ತೆರಿಗೆ ಇಲ್ಲ, ನಾಮಿನಿ ತೆಗೆದರೂ ಇಲ್ಲ. 15 ವರ್ಷ ತುಂಬಬೇಕು ಅಂತಲೂ ಇಲ್ಲ. ಆದರೆ ಖಾತೆಯನ್ನು ನೀವು ಮುಂದುವರಿಸುವ ಹಾಗಿಲ್ಲ, ಕ್ಲೇಮ್ ಮಾಡಿ ಮುಚ್ಚಬೇಕು. ದುಡ್ಡು ಕೊಡುವ ಹಿಂದಿನ ತಿಂಗಳವರೆಗೆ ಬಡ್ಡಿ ಬರುತ್ತದೆ.

ದುಡ್ಡನ್ನು ಎನ್‌ಆರ್‌ಒ ಖಾತೆಗೆ, ಅಂದರೆ ವಿದೇಶದಲ್ಲಿರುವವರು ಇಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆಗೆ, ಹಾಕಿಸಿಕೊಳ್ಳಿ. ಹಳೆಯ ಉಳಿತಾಯ ಖಾತೆಯನ್ನೇ ಇಟ್ಟುಕೊಂಡಿದ್ದರೆ ಮೊದಲು ಅದನ್ನು ಎನ್‌ಆರ್‌ಒ ಮಾಡಿಸಿ. ಅಲ್ಲಿಂದ ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಅಮೆರಿಕಕ್ಕೆ ಕಳಿಸಬಹುದು. ಬ್ಯಾಂಕಿನವರು ಆಡಿಟರ್ ಸರ್ಟಿಫಿಕೇಟ್, ಅಪ್ಪನ ಮರಣ ಪತ್ರ, ದುಡ್ಡಿನ ಮೂಲ ಕೇಳುತ್ತಾರೆ. ಎನ್‌ಆರ್‌ಒ ಎಫ್‌ಡಿಯಲ್ಲಿ ಸುಮ್ನೆ ಇಟ್ಟರೆ ಬಡ್ಡಿಗೆ 30% ಮತ್ತು ಸೆಸ್ ಟಿಡಿಎಸ್ ಹಿಡಿಯುತ್ತಾರೆ.

ನಿಮಗೆ ತಲೆನೋವು ಇರೋದು ಆ ಕಡೆಯ ಕಾಗದಪತ್ರದಲ್ಲಿ. ಗ್ರೀನ್ ಕಾರ್ಡ್ ಇರುವುದರಿಂದ ನೀವು ಅಲ್ಲಿನ ತೆರಿಗೆ ನಿವಾಸಿ. ಭಾರತದಲ್ಲಿ ನಿಮ್ಮ ಹೆಸರಿನ ಎಲ್ಲ ಖಾತೆ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಅನ್ನುವ ವಿದೇಶಿ ಖಾತೆಗಳ ವರದಿ ಹಾಕಬೇಕು. 18 ಲಕ್ಷ ಬಂದ ದಿನವೇ ದಾಟುತ್ತೀರಿ. ವಿದೇಶದಲ್ಲಿದ್ದವರಿಂದ ವಾರಸಾಗಿ ಒಂದು ವರ್ಷದಲ್ಲಿ 1 ಲಕ್ಷ ಡಾಲರ್‌ಗಿಂತ ಜಾಸ್ತಿ ಬಂದರೆ ಫಾರಂ 3520 ಕೊಡಬೇಕು. ಪಿಪಿಎಫ್ ಒಂದೇ ಆದರೆ ಅಷ್ಟಾಗೋದಿಲ್ಲ. ಆದರೆ ಬೆಂಗಳೂರಿನ ಮನೆಯೂ ನಿಮಗೇ ಬರುತ್ತದೆ ಅಲ್ವಾ? ಅದೂ ಲೆಕ್ಕಕ್ಕೆ ಸೇರುತ್ತದೆ. ಆ ಫಾರಂನಲ್ಲಿ ತೆರಿಗೆ ಒಂದು ಡಾಲರೂ ಇಲ್ಲ, ಕೊಡದಿದ್ದರೆ ದಂಡ ಮಾತ್ರ ಬಂದದ್ದರ 25%ವರೆಗೆ ಇದೆ. ಇನ್ನೊಂದು, ಅಪ್ಪ ಹೋದ ಮೇಲೆ ಪಿಪಿಎಫ್‌ನಲ್ಲಿ ಕೂಡಿದ ಬಡ್ಡಿಗೆ ಇಲ್ಲಿ ವಿನಾಯಿತಿ ಇದ್ದರೂ ಅಲ್ಲಿ ಅದು ನಿಮ್ಮ ಆದಾಯ. ತಡ ಮಾಡಿದಷ್ಟೂ ಅದು ಬೆಳೆಯುತ್ತದೆ.

ಪ್ರಶ್ನೆ: ಮೇಡಂ, ನಮ್ಮ ಅಪ್ಪಾರು ತೀರಿಕೊಂಡು ವರ್ಷ ಆತು. ಎನ್‌ಪಿಎಸ್‌ನ್ಯಾಗ 9 ಲಕ್ಷ, ಪಿಪಿಎಫ್‌ನ್ಯಾಗ 6 ಲಕ್ಷ ಇತ್ತು. ಉಯಿಲು ಬರದಿಲ್ಲ. ಎರಡಕ್ಕೂ ನಮ್ಮಣ್ಣ ನಾಮಿನಿ. "ನಾಮಿನಿ ನಾನ ಅದೀನಿ, ರೊಕ್ಕ ನಂದು. ನಿನಗ ಕೊಟ್ಟರ ಟ್ಯಾಕ್ಸ್ ಬೀಳತೈತಿ" ಅಂತಾನ. ಅವ್ವ ಇದ್ದಾಳ. ಇದು ಖರೇನ? — ಹುಬ್ಬಳ್ಳಿ

ಉತ್ತರ: ಎರಡೂ ಮಾತು ಖರೆ ಅಲ್ಲ. ನಾಮಿನಿ ಅಂದರೆ ಮದುವೆ ಮನೆಯಲ್ಲಿ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರ ಹಾಗೆ. ಕೈ ಅವರ ಹತ್ತಿರ, ಸಾಮಾನು ಎಲ್ಲರದು. ಸುಪ್ರೀಂ ಕೋರ್ಟ್ 1983ರಲ್ಲಿ ಜೀವ ವಿಮೆಯ ಪ್ರಕರಣದಲ್ಲಿ ಇದನ್ನೇ ಹೇಳಿತು, 2023ರ ಡಿಸೆಂಬರ್‌ನಲ್ಲಿ ಷೇರುಗಳ ವಿಷಯದಲ್ಲೂ ಹೇಳಿತು. ವಿಮೆಗೆ ಮಾತ್ರ 2015ರ ತಿದ್ದುಪಡಿ ಆದ ಮೇಲೆ ಬೇರೆ ನಿಯಮ ಇದೆ. ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ ನಾಮಿನಿ ಆದರೆ ದುಡ್ಡು ಅವರದೇ ಅನ್ನುತ್ತದೆ ಆ ತಿದ್ದುಪಡಿ. ನಿಮ್ಮದು ವಿಮೆ ಅಲ್ಲ.

ಅಪ್ಪ ಸ್ವಂತ ದುಡಿದದ್ದು, ಉಯಿಲು ಇಲ್ಲ. ಹಾಗಾಗಿ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವ್ವನಿಗೆ, ಅಣ್ಣನಿಗೆ, ನಿಮಗೆ ಸಮ ಸಮ ಪಾಲು. 15 ಲಕ್ಷದಲ್ಲಿ ತಲಾ ಐದು. ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ಮದುವೆಯಾದ ಮಗಳು ಅಂತ ನಿಮ್ಮ ಪಾಲು ಕಡಿಮೆಯಾಗೋದಿಲ್ಲ.

ತೆರಿಗೆ ಅಂತೂ ಯಾರಿಗೂ ಇಲ್ಲ. ಎನ್‌ಪಿಎಸ್ ಅಂದರೆ ರಾಷ್ಟ್ರೀಯ ಪಿಂಚಣಿ ಯೋಜನೆ. ಅದರಲ್ಲಿ ಖಾತೆದಾರರೇ 60ಕ್ಕೆ ತೆಗೆದರೆ ಒಂದು ಭಾಗವನ್ನು ಪಿಂಚಣಿಗೆ ಹಾಕಬೇಕು. ತೀರಿಕೊಂಡಾಗ, ಖಾಸಗಿ ನೌಕರರ ಖಾತೆಯಾದರೆ, ಪೂರ್ತಿ ದುಡ್ಡು ಒಟ್ಟಿಗೆ ಬರುತ್ತದೆ, ಅದು ಆದಾಯ ಅಲ್ಲ. ಅಣ್ಣ ನಿಮ್ಮ ಐದು ಲಕ್ಷ ನಿಮಗೆ ಕೊಟ್ಟರೆ ಅದು ದಾನ ಅಲ್ಲ, ನಿಮ್ಮ ವಾರಸು. ದಾನ ಅಂತಲೇ ಹಿಡಿದರೂ ಅಣ್ಣ ತಂಗಿಗೆ ಕೊಟ್ಟದ್ದಕ್ಕೆ ತೆರಿಗೆ ಇಲ್ಲ. ಅಣ್ಣನಿಗೆ ಈ ನೆವವೂ ಉಳಿಯಲಿಲ್ಲ. ಒಂದು ವರ್ಷದಿಂದ ಅವನ ಎಫ್‌ಡಿಯಲ್ಲಿ ಇದ್ದರೆ ಬಡ್ಡಿಯಲ್ಲೂ ನಿಮ್ಮ ಪಾಲು ಕೇಳಿ. ಆ ಬಡ್ಡಿ ನಿಮ್ಮ ರಿಟರ್ನ್‌ಗೆ ಬರುತ್ತದೆ, ಅದು ಸರಿಯೇ.

ಮುಂದಿನ ತಿಂಗಳು ಯಾರೋ ಛಾಪಾ ಕಾಗದ ತಂದು, ಅರಿಶಿನ ಕುಂಕುಮಕ್ಕೆ ಅಂತ ಇಷ್ಟು ತಗೊಂಡು ಹಕ್ಕು ಬಿಡುಗಡೆಗೆ ಸಹಿ ಹಾಕು ಅಂದಾರು. ಓದದೇ ಹಾಕಬೇಡಿ. ಆ ಕಾಗದದಲ್ಲಿ ಮನೆ, ಹೊಲ ಎಲ್ಲ ಸೇರಿಸಿರುತ್ತಾರೆ.

ಪ್ರಶ್ನೆ: ತಂದೆಯವರು 2018ರಲ್ಲಿ 58ಕ್ಕೆ ನಿವೃತ್ತರಾದರು. ಬಡ್ಡಿ ಚೆನ್ನಾಗಿದೆ ಅಂತ 20 ಲಕ್ಷ ಪಿಎಫ್ ಅಲ್ಲೇ ಬಿಟ್ಟರು. 2024ರಲ್ಲಿ ತೀರಿಕೊಂಡರು. ಪಾಸ್‌ಬುಕ್‌ನಲ್ಲಿ 2021ರ ನಂತರ ಬಡ್ಡಿಯೇ ಇಲ್ಲ. ಯಾಕೆ? ಹಳೆ ಬಡ್ಡಿಗೆ ಈಗ ನಾವು ತೆರಿಗೆ ಕಟ್ಟಬೇಕೆ? — ಮೈಸೂರು

ಉತ್ತರ: ನಿವೃತ್ತಿಯಾಗಿ 36 ತಿಂಗಳೊಳಗೆ ತೆಗೆಯದಿದ್ದರೆ ಪಿಎಫ್ ಖಾತೆ ನಿಷ್ಕ್ರಿಯವಾಗುತ್ತದೆ, ಬಡ್ಡಿ ನಿಲ್ಲುತ್ತದೆ. ಆ ಮೂರು ವರ್ಷದ ಬಡ್ಡಿಗೂ ವಿನಾಯಿತಿ ಇಲ್ಲ. ಕೆಲಸ ಬಿಟ್ಟ ಮೇಲೆ ಬಂದ ಪಿಎಫ್ ಬಡ್ಡಿಗೆ ತೆರಿಗೆ ಇದೆ ಅಂತ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲೇ ಹೇಳಿದೆ. ಇದು ನಿವೃತ್ತರಲ್ಲಿ ನೂರಕ್ಕೆ ತೊಂಬತ್ತು ಜನರ ಕಿವಿಗೆ ಬಿದ್ದಿಲ್ಲ ಅಂತ ನನ್ನ ಅನುಮಾನ.

ನೀವು ಗಾಬರಿಯಾಗಬೇಡಿ. ಸತ್ತವರ ತೆರಿಗೆ ಬಾಕಿಗೆ ವಾರಸುದಾರರು ಹೊಣೆ, ಆದರೆ ಅವರಿಂದ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ, ನಿಮ್ಮ ಸ್ವಂತ ಜೇಬಿಗೆ ಕೈ ಹಾಕುವ ಹಾಗಿಲ್ಲ. ಜೊತೆಗೆ 50 ಲಕ್ಷಕ್ಕಿಂತ ಕಡಿಮೆ ಆದಾಯ ಬಿಟ್ಟುಹೋದ ಅಷ್ಟು ಹಳೆಯ ವರ್ಷಗಳನ್ನು ಇಲಾಖೆ ತೆರೆಯುವ ಅವಧಿಯೂ ಮುಗಿದಿದೆ.

ನಿಮ್ಮ ನಿಜವಾದ ನಷ್ಟ ಬೇರೆ. 20 ಲಕ್ಷ ಮೂರು ವರ್ಷದಲ್ಲಿ ಸುಮಾರು 25 ಲಕ್ಷ ಆಗಿರುತ್ತದೆ. 7% ಎಫ್‌ಡಿಯಲ್ಲಿದ್ದರೂ ವರ್ಷಕ್ಕೆ 1,75,000 ಬರುತ್ತಿತ್ತು. ಅಷ್ಟು ವರ್ಷದಿಂದ ಆ ದುಡ್ಡು ಮಲಗಿದೆ. ಈ ವಾರವೇ ಕ್ಲೇಮ್ ಹಾಕಿ.

ಪ್ರಶ್ನೆ: ಅಮ್ಮ ಹೋಗಿ ಎರಡು ವರ್ಷವಾದರೂ ಅವರ ಎಫ್‌ಡಿ ಹಾಗೇ ಇದೆ. ಅವರು ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಅನ್ನುವ 15ಎಚ್ ಫಾರಂ ಕೊಟ್ಟಿದ್ದರು, ಟಿಡಿಎಸ್ ಇಲ್ಲ. ಹೀಗೇ ಇರಲಿ ಅಂತ ತಮ್ಮ ಹೇಳುತ್ತಾನೆ. — ಚಿಕ್ಕಮಗಳೂರು

ಉತ್ತರ: ತಮ್ಮನ ಜಾಣತನ ನಡೆಯೋದಿಲ್ಲ. ಸತ್ತವರ 15ಎಚ್‌ಗೆ ಬೆಲೆ ಇಲ್ಲ. ಅಮ್ಮ ತೀರಿಕೊಂಡ ಮಾರನೇ ದಿನದಿಂದ ಆ ಬಡ್ಡಿ ನಿಮ್ಮಿಬ್ಬರದು, ಇಬ್ಬರೂ ಪಾಲಿನಂತೆ ರಿಟರ್ನ್‌ನಲ್ಲಿ ತೋರಿಸಿ. ಬ್ಯಾಂಕಿಗೆ ಮರಣ ಪತ್ರ ಕೊಡಿ. ನೀವು ಹಿರಿಯ ನಾಗರಿಕರಲ್ಲದಿದ್ದರೆ ಅಮ್ಮನಿಗಿದ್ದ 1 ಲಕ್ಷದ ಟಿಡಿಎಸ್ ಮಿತಿ ನಿಮಗಿಲ್ಲ, ನಿಮ್ಮದು 50,000.

ಪ್ರಶ್ನೆ: ನಾನು ಕೆಲಸಕ್ಕೆ ಸೇರಿದಾಗ ಮದುವೆ ಆಗಿರಲಿಲ್ಲ. ಪಿಎಫ್‌ಗೆ ಸೋದರಮಾವನನ್ನು ನಾಮಿನಿ ಮಾಡಿದ್ದೆ. ಈಗ ಹೆಂಡತಿ, ಇಬ್ಬರು ಮಕ್ಕಳು. ಬದಲಾಯಿಸಲೇಬೇಕಾ? — ತುಮಕೂರು

ಉತ್ತರ: ನಿಮ್ಮ ತಾಳಿ ಕಟ್ಟುವ ಮುಹೂರ್ತಕ್ಕೇ ಆ ನಾಮಿನೇಷನ್ ರದ್ದಾಗಿದೆ. ಕುಟುಂಬ ಆದ ಮೇಲೆ ಪಿಎಫ್‌ಗೆ ಕುಟುಂಬದವರನ್ನೇ ಹೆಸರಿಸಬೇಕು. ಹೊಸದು ಮಾಡದೇ ಇದ್ದರೆ ನಿಯಮವೇ ಪಾಲು ಹಂಚುತ್ತದೆ. ಆ ಹಂಚಿಕೆಯಲ್ಲಿ ಬೇರೆಯವರು ಇದ್ದರೆ ವಯಸ್ಸಿಗೆ ಬಂದ ಮಗನಿಗೆ ಪಾಲಿಲ್ಲ, ಗಂಡ ಬದುಕಿರುವ ಮಗಳಿಗೂ ಇಲ್ಲ. 1952ರ ಯೋಜನೆಯ ಬುದ್ಧಿ ಅದು, ನನಗೆ ಸ್ವಲ್ಪವೂ ಹಿಡಿಸೋದಿಲ್ಲ. ಪಿಎಫ್ ಸದಸ್ಯರ ಯುಎಎನ್ ಪೋರ್ಟಲ್‌ಗೆ ಹೋಗಿ ಹೆಂಡತಿ ಮಕ್ಕಳ ಆಧಾರ್ ನಂಬರ್, ಫೋಟೊ ಹಾಕಿ ಪಾಲು ಬರೆಯಿರಿ. ಕೊನೆಗೆ ಆಧಾರ್ ಓಟಿಪಿ ಕೊಟ್ಟು ಇ-ಸೈನ್ ಮಾಡಬೇಕು. ಬಹಳ ಜನ ಪಾಲು ಬರೆದು ಸೇವ್ ಒತ್ತಿ ಎದ್ದುಬಿಡುತ್ತಾರೆ. ಇ-ಸೈನ್ ಆಗದಿದ್ದರೆ ನಾಮಿನೇಷನ್ ಆಗಿಲ್ಲ ಅಂತಲೇ ಲೆಕ್ಕ.